ಆಡುವಾಗ ತೋರುಬೆರಳನ್ನು ಬಟನ್ ಮೇಲೆ ಬಾಗಿಸಿ ಹಿಡಿಯುವವರು ಇನ್ನೂ ಯಾರಿದ್ದೀರಿ?

ಪ್ರಶ್ನೆ: ತುಂಗಾತೀರ

ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮ್ ಆಡತೊಡಗಿದ ಮೇಲೆ ನನ್ನ ಬಲಗೈ ತಾನಾಗಿಯೇ ಒಂದು ವಿಚಿತ್ರ ಹಿಡಿತಕ್ಕೆ ಒಗ್ಗಿಕೊಂಡಿದೆ. ಹೆಬ್ಬೆರಳು ಬಲಗಡೆಯ ಸ್ಟಿಕ್ ಬಿಟ್ಟು ಕದಲುವುದಿಲ್ಲ. ತೋರುಬೆರಳು ಅದರ ಮೇಲಿಂದ ಬಾಗಿ ಸರ್ಕಲ್ ಬಟನ್ ಒತ್ತುತ್ತದೆ. ಕಂಟ್ರೋಲರ್‌ನ ಮೇಲಂಚಿನ ಬಲಗಡೆಯ ಆರ್‌1 ಬಟನ್ ನೋಡಿಕೊಳ್ಳುವುದು ಮಧ್ಯದ ಬೆರಳು. ಅಣ್ಣನ ಮಗ ನೋಡಿ, "ಚಿಕ್ಕಪ್ಪ, ಕೈಗೆ ಏನಾಯಿತು?" ಎಂದು ಗಾಬರಿಯಿಂದ ಕೇಳಿದ. ಆಟವೇನೋ ಸುಧಾರಿಸಿದೆ. ಆದರೆ ಊಟಕ್ಕೆ ಕುಳಿತರೆ ಬೆರಳಿನ ನಡುಗೆಣ್ಣು ಹಿಡಿದುಕೊಂಡಿರುತ್ತದೆ. ಅಭ್ಯಾಸವಾಗುವವರೆಗೆ ಸಹಿಸಿಕೊಳ್ಳಬೇಕೇ, ಈಗಲೇ ಬಿಡಬೇಕೇ? ನನ್ನದು ಪಿಎಸ್5, ಅದರ ಜೊತೆಗೇ ಬಂದ ಮಾಮೂಲಿ ಕಂಟ್ರೋಲರ್.

ಉತ್ತರ: ಬೆಸುಗೆ ಹುಬ್ಬಳ್ಳಿ

ಜಾಯ್‌ಸ್ಟಿಕ್ ಬಿಚ್ಚಿ ರಿಪೇರಿ ಮಾಡುವುದು ನನ್ನ ಕಸುಬು. ಗಿರಾಕಿ ಹೇಗೆ ಹಿಡಿಯುತ್ತಾನೆ ಎಂದು ನಾನು ಕೇಳುವುದೇ ಇಲ್ಲ, ಮೇಲಿನ ಕವಚ ನೋಡಿದರೆ ಸಾಕು. ನಿಮ್ಮ ಹಾಗೆ ಹಿಡಿಯುವವರ ಸರ್ಕಲ್ ಬಟನ್ ನಡುವೆ ಸವೆಯುವುದಿಲ್ಲ, ಮೇಲಂಚಿನಲ್ಲಿ ಸವೆಯುತ್ತದೆ. ಪಕ್ಕದ ಪ್ಲಾಸ್ಟಿಕ್ ಮೇಲೆ ಉಗುರಿನ ಗೀರುಗಳು ಒಂದೇ ದಿಕ್ಕಿಗೆ ಎಳೆದಿರುತ್ತವೆ. ಒಳಗಿನ ರಬ್ಬರ್ ಪೊರೆ ಒಂದು ಮಗ್ಗುಲಿಗೆ ಮೆತ್ತಗಾಗಿರುತ್ತದೆ. ಈ ಹಿಡಿತಕ್ಕೆ ಕ್ಲಾ ಗ್ರಿಪ್ ಎನ್ನುತ್ತಾರೆ, ಹೊಸದೇನೂ ಅಲ್ಲ.

ನಿಮ್ಮ ಕೈಯದು ತಪ್ಪಿಲ್ಲ. ಆ ಆಟದಲ್ಲಿ ಓಡಬೇಕಾದರೆ ಸರ್ಕಲ್ ಒತ್ತಿಯೇ ಹಿಡಿದಿರಬೇಕು, ಓಡುತ್ತಲೇ ಹಿಂದೆ ಯಾರು ಬಂದರು ಎಂದು ನೋಡಲು ಬಲಗಡೆಯ ಸ್ಟಿಕ್ ತಿರುಗಿಸಬೇಕು. ಎರಡಕ್ಕೂ ಇರುವುದು ಒಂದೇ ಹೆಬ್ಬೆರಳು. ಸೋನಿಯ ಹಳೆಯ ಕೈಯಾಟದ ಯಂತ್ರ ಪಿಎಸ್‌ಪಿಯಲ್ಲಿ ಮಾನ್ಸ್ಟರ್ ಹಂಟರ್ ಆಡಿದವರನ್ನು ಕೇಳಿ, ಅವರದು ಇದೇ ಗೋಳು, ಆದರೆ ಎಡಗೈಯಲ್ಲಿ. ಆ ಯಂತ್ರಕ್ಕೆ ಇದ್ದದ್ದೇ ಒಂದು ಅನಲಾಗ್ ಗುಂಡಿ. ನಡೆಯಲು ಹೆಬ್ಬೆರಳು ಅದರ ಮೇಲೆ. ಕ್ಯಾಮೆರಾ ತಿರುಗಿಸುವುದು ಅದರ ಮೇಲ್ಗಡೆಯ ಡಿ-ಪ್ಯಾಡ್‌ನಲ್ಲಿ, ಅಂದರೆ ನಾಲ್ಕು ದಿಕ್ಕಿನ ಬಟನ್‌ನಲ್ಲಿ. ಹಾಗಾಗಿ ತೋರುಬೆರಳನ್ನು ಮಡಚಿ ಅಲ್ಲಿಗೆ ಇಳಿಸುತ್ತಿದ್ದರು.

ಬೆರಳು ನೋಯುತ್ತಿದ್ದರೆ ಅಭ್ಯಾಸದ ಮಾತು ಬಿಡಿ, ಬಟನ್‌ನ ಜಾಗ ಬದಲಿಸಿ. ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿ ವಿಭಾಗದಲ್ಲಿ ಕಂಟ್ರೋಲರ್ಸ್ ಎಂಬುದಿದೆ, ಅಲ್ಲಿ ಯಾವ ಬಟನ್ ಯಾವುದಾಗಬೇಕು ಎಂದು ನೀವೇ ಗೊತ್ತುಮಾಡಬಹುದು. ಸರ್ಕಲ್ ಅನ್ನು ಎಲ್‌3ಕ್ಕೆ, ಅಂದರೆ ಎಡಗಡೆಯ ಸ್ಟಿಕ್ ಅದುಮುವುದಕ್ಕೆ, ಕೊಡಿ ಎಂದು ಕೆಲವರು ಹೇಳುತ್ತಾರೆ. ಬೇಡ. ಸ್ಟಿಕ್ ಅನ್ನು ಒಂದೆಡೆಗೆ ಬಾಗಿಸಿ, ಮೇಲಿಂದ ಅದುಮಿ, ಹಾಗೆಯೇ ಮೈಲುಗಟ್ಟಲೆ ಓಡಿದರೆ ಆ ಸ್ಟಿಕ್ ಬಹಳ ದಿನ ಬಾಳುವುದಿಲ್ಲ. ನನಗೆ ವ್ಯಾಪಾರ, ನಿಮಗೆ ಖರ್ಚು. ಕೈಯಲ್ಲಿ ದುಡ್ಡಿದ್ದರೆ 2023ರಲ್ಲಿ ಬಂದ ಡ್ಯುಯಲ್‌ಸೆನ್ಸ್ ಎಡ್ಜ್ ನೋಡಿ, ಬೆನ್ನಿಗೆ ಎರಡು ಬಟನ್‌ಗಳಿವೆ. ಒಂದಕ್ಕೆ ಸರ್ಕಲ್ ಕೊಟ್ಟರೆ ಸುಮ್ಮನೆ ಕುಳಿತಿರುವ ಉಂಗುರ ಬೆರಳಿಗೂ ಕೆಲಸ ಸಿಗುತ್ತದೆ.

ಉತ್ತರ: ಹಳೆ ಕ್ಯಾಸೆಟ್

ಬೆಸುಗೆಯವರ ಮಾತು ಒಪ್ಪುತ್ತೇನೆ, ಆದರೆ ಎಲ್ಲ ವಿಚಿತ್ರ ಹಿಡಿತವೂ ಅನಿವಾರ್ಯಕ್ಕೆ ಹುಟ್ಟಿದ ತೇಪೆಯಲ್ಲ. ನಿಂಟೆಂಡೊದ ಹಳೆಯ ಯಂತ್ರ ಎನ್ಇಎಸ್‌ನ ಟೆಟ್ರಿಸ್ ನೋಡಿ, ಮೇಲಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಆಟ. 29ನೇ ಹಂತದಲ್ಲಿ ತುಂಡು ಫ್ರೇಮಿಗೆ, ಅಂದರೆ ಪರದೆಯ ಚಿತ್ರ ಒಮ್ಮೆ ಬದಲಾಗುವಷ್ಟರಲ್ಲಿ, ಒಂದು ಸಾಲಿನಂತೆ ಬೀಳುತ್ತದೆ. ಸಾಲುಗಳು 20, ಸೆಕೆಂಡಿಗೆ ಫ್ರೇಮುಗಳು 60, ಅಂದರೆ ತಳ ಮುಟ್ಟಲು ಸೆಕೆಂಡಿನ ಮೂರನೇ ಒಂದು ಪಾಲು. ಬಟನ್ ಒತ್ತಿ ಹಿಡಿದರೆ ತುಂಡು ಸರಿಯುವುದು 6 ಫ್ರೇಮಿಗೊಮ್ಮೆ. ಅಂಚು ಮುಟ್ಟುವುದರೊಳಗೆ ಕಥೆ ಮುಗಿದಿರುತ್ತದೆ. ಆಟ ಇಲ್ಲಿಗೆ ಮುಗಿಯಿತು ಎಂದೇ ಬಹಳ ಕಾಲ ಜನ ನಂಬಿದ್ದರು.

ಮೊದಲು ಹೆಬ್ಬೆರಳನ್ನೇ ನಡುಗಿಸಿ ಪಟಪಟನೆ ಒತ್ತುವವರು ಬಂದರು. ಜೋಸೆಫ್ ಸೇಲಿ ಎಂಬ ಹುಡುಗ 2018ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದದ್ದು ಹಾಗೆ. ಆಮೇಲೆ ಬಂದದ್ದು ರೋಲಿಂಗ್. ಹೆಬ್ಬೆರಳನ್ನು ಡಿ-ಪ್ಯಾಡ್ ಮೇಲೆ ಒತ್ತದೆ ಸುಮ್ಮನೆ ಇಡುತ್ತಾರೆ. ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರ್‌ನ ಬೆನ್ನಿಗೆ ಒಂದರ ಹಿಂದೊಂದು ತಟ್ಟುತ್ತಾರೆ, ಕಾದು ಬೇಸರವಾದಾಗ ನಾವು ಮೇಜಿನ ಮೇಲೆ ಬೆರಳಾಡಿಸುತ್ತೇವಲ್ಲ, ಹಾಗೆ. ಪ್ರತಿ ಏಟಿಗೂ ಕಂಟ್ರೋಲರ್ರೇ ಎದ್ದು ಹೆಬ್ಬೆರಳಿಗೆ ತಾಗುತ್ತದೆ. ಬೆರಳು ಬಟನ್ ಒತ್ತುವ ಬದಲು ಬಟನ್ನೇ ಬೆರಳಿಗೆ ಬಂದು ಒತ್ತಿಸಿಕೊಳ್ಳುತ್ತದೆ! ಜಾರಲೆಂದು ಕೈಗವಸು ಹಾಕಿಕೊಳ್ಳುವವರೂ ಇದ್ದಾರೆ. 2023ರ ಡಿಸೆಂಬರ್‌ನಲ್ಲಿ 13 ವರ್ಷದ ವಿಲ್ಲಿಸ್ ಗಿಬ್ಸನ್ ಹೀಗೆ ತಟ್ಟುತ್ತಾ 157ನೇ ಹಂತ ತಲುಪಿದಾಗ ಕೈ ಸೋಲಲಿಲ್ಲ, ಆಟವೇ ಸ್ತಬ್ಧವಾಯಿತು. ಆ ಯಂತ್ರ ಬಂದದ್ದು 1980ರ ದಶಕದಲ್ಲಿ ಎಂಬುದನ್ನು ನೆನೆದರೆ ನನಗೆ ಇಂದಿಗೂ ರೋಮಾಂಚನ.

ತುಂಗಾತೀರ ಅವರ ಗೆಣ್ಣಿಗೆ ಇದರಿಂದ ಉಪಯೋಗವಿಲ್ಲ ಎಂಬುದು ಗೊತ್ತು.

ಉತ್ತರ: ನೀಲಿ ಪೆಡಲ್

ನನ್ನ ತಂಗಿಯ ಬಲ ಹೆಬ್ಬೆರಳು ಮಡಚುವುದಿಲ್ಲ. ಅಂಗವೈಕಲ್ಯ ಇರುವವರಿಗೆಂದು ಸೋನಿಯವರು 2023ರ ಕೊನೆಗೆ ತಂದ ಆಕ್ಸೆಸ್ ಕಂಟ್ರೋಲರ್ ಅನ್ನು ಮಾಮೂಲಿ ಕಂಟ್ರೋಲರ್ ಜೊತೆ ಸೇರಿಸಿ ಎರಡೂ ಒಂದೇ ಪಾತ್ರವನ್ನು ಆಡಿಸುವಂತೆ ಹೊಂದಿಸಿಕೊಂಡಿದ್ದಾಳೆ. ಆಕ್ಸೆಸ್‌ನಲ್ಲಿ ಹೊರಗಿನ ಸ್ವಿಚ್ ಸಿಕ್ಕಿಸಲು ನಾಲ್ಕು 3.5 ಮಿ.ಮೀ. ಕಿಂಡಿಗಳಿವೆ. ಒಂದಕ್ಕೆ ಕಾಲಿನ ಪೆಡಲ್ ಸಿಕ್ಕಿಸಿದ್ದಾಳೆ, ಅವಳ ಆಟದಲ್ಲಿ ಓಟವೆಲ್ಲ ಎಡಗಾಲಿನದು. ಪೆಡಲ್ ನುಣುಪು ನೆಲದಲ್ಲಿ ಜಾರುತ್ತದೆ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ.

ಪ್ರಶ್ನೆ ಕೇಳಿದವರು: ತುಂಗಾತೀರ

ಕಾಲಿಗೆ ಕೊಡುವ ಉಪಾಯ ಹಿಡಿಸಿತು. ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರದ ಮೋಟಾರಿನ ಪೆಡಲ್ ಸುಮ್ಮನೆ ಬಿದ್ದಿದೆ. ವೈರ್ ಕತ್ತರಿಸಿ 3.5 ಮಿ.ಮೀ. ಪಿನ್ ಹಾಕಿದರೆ ನಡೆಯುತ್ತದೆಯೇ?

ಉತ್ತರ: ಬೆಸುಗೆ ಹುಬ್ಬಳ್ಳಿ

ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ಗೋಡೆಯ 230 ವೋಲ್ಟ್ ಕರೆಂಟಿಗೆ ಮಾಡಿದ ಪೆಡಲ್. ಮೋಟಾರಿನ ವೇಗ ಏರಿಸುವುದು ಇಳಿಸುವುದು ಅದರ ಕೆಲಸ, ಬರೀ ಸ್ವಿಚ್ ಅಲ್ಲ. ನಿಮಗೆ ಬೇಕಾದದ್ದು ಒತ್ತಿದಾಗ ಎರಡು ವೈರ್ ಕೂಡಿಸಿ, ಬಿಟ್ಟಾಗ ಬಿಡಿಸುವ ಸಾದಾ ಸ್ವಿಚ್ ಮತ್ತು ಎರಡೇ ಸಂಪರ್ಕವಿರುವ ಒಂದು ಮೊನೊ ಪಿನ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಫುಟ್ ಸ್ವಿಚ್ ಎಂದು ಕೇಳಿ. ಕೀಬೋರ್ಡ್ ನುಡಿಸುವವರ ಸಸ್ಟೇನ್ ಪೆಡಲ್ ಕೊಟ್ಟರೆ ಮೊದಲು ಮೀಟರ್ ಹಿಡಿದು ನೋಡಿ, ಕೆಲವು ತಿರುವುಮುರುವು ಇರುತ್ತವೆ: ಕಾಲು ತೆಗೆದಾಗ ಕೂಡುತ್ತವೆ, ನಿಮ್ಮ ಯೋಧ ನಿಲ್ಲದೆ ಓಡುತ್ತಲೇ ಇರುತ್ತಾನೆ.

ಅಮ್ಮನ ಪೆಡಲ್ ಅಮ್ಮನಿಗೇ ಇರಲಿ.