ರೇಸ್ ಕಾರಿನ ‘ಕ್ಲಾಸ್’: ವರ್ಗವೋ, ದರ್ಜೆಯೋ, ಹಲ್ಲೋ?

ಗೆಳೆಯರೇ, ನಮಸ್ಕಾರ.

ಒಂದು ಪದದ ಕೈಗೆ ಸಿಕ್ಕಿಬಿದ್ದಿದ್ದೇನೆ. ಅದರ ಹಿಂದೆ ಇನ್ನೂ ಎರಡು ಮೂರು ಸಾಲಾಗಿ ನಿಂತಿವೆ. ಆದರೆ ತಲೆ ತಿನ್ನುತ್ತಿರುವುದು ಮೊದಲನೆಯದೇ: ರೇಸ್ ಕಾರಿನ ‘ಕ್ಲಾಸ್’ಗೆ ಕನ್ನಡದಲ್ಲಿ ಏನನ್ನಬೇಕು?

ನಾನು ಸಿಂಧನೂರು ಕಡೆಯ ಹೈಸ್ಕೂಲ್ ಮಾಸ್ತರ. ನನ್ನ ಅಕ್ಕನ ಮಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಒಂದು ರೇಸ್ ತಂಡಕ್ಕೆ ಮೆಕ್ಯಾನಿಕ್. ಊರಿಗೆ ಬಂದಾಗ ನಮ್ಮ ಮಕ್ಕಳ ಮುಂದೆ ಒಂದು ತಾಸು ಮಾತಾಡಪ್ಪ ಎಂದೆ. ಒಪ್ಪಿಕೊಂಡ. ಗೋಡೆಗೆ ಹಚ್ಚುವ ಚಾರ್ಟನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವನು ಆರಿಸಿಕೊಂಡ ವಿಷಯ ಸ್ವಲ್ಪ ವಿಚಿತ್ರ. ಗಾಲಿ ಹೊರಗೆ ಕಾಣುವ ಆ ಉದ್ದ ಮೂತಿಯ ಕಾರುಗಳಿವೆಯಲ್ಲ, ಅವುಗಳಲ್ಲಿ ಬೇರೆ ಬೇರೆ ಕ್ಲಾಸಿನವನ್ನು ಒಂದೇ ಟ್ರ್ಯಾಕಿಗೆ ಒಂದೇ ಹೊತ್ತಿಗೆ ಬಿಡುವ ರೇಸು.

‘ವಿವಿಧ ವರ್ಗದ ಕಾರುಗಳು’ ಎಂದು ದಪ್ಪಕ್ಷರದಲ್ಲಿ ಬರೆದು ಒಂಬತ್ತನೇ ತರಗತಿಯ ಗೋಡೆಗೆ ಹಚ್ಚಿದೆ. ಅದೇ ವಾರ ಮಕ್ಕಳು ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದರು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಸರ್, ಇದ್ರಾಗ 2ಎ ಯಾವುದ್ರಿ, 3ಬಿ ಯಾವುದ್ರಿ?” ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಮರುದಿನ ಚಾರ್ಟ್ ಬಿಚ್ಚಿ ಸ್ಟಾಫ್ ರೂಮಿಗೆ ತಂದಿಟ್ಟೆ.

‘ದರ್ಜೆ’ ಅನ್ನೋಣವೆಂದರೆ ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ ಕಣ್ಣಿಗೆ ಬರುತ್ತಾರೆ. ‘ತರಗತಿ’ ನಮ್ಮ ಗೋಡೆಯೊಳಗಿನ ಮಾತು. ‘ವಿಭಾಗ’ ಪತ್ರಿಕೆಯವರ ಪದ. ಕುಸ್ತಿಯಲ್ಲಿ ಇಷ್ಟು ಕೆ.ಜಿ. ವಿಭಾಗ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಕುಸ್ತಿಯಲ್ಲಿ ಬೇರೆ ತೂಕದವರು ಬೇರೆಯಾಗಿಯೇ ಆಡುತ್ತಾರೆ. ಇಲ್ಲಿ ವಿಭಾಗಿಸಿದ ಮೇಲೆ ಮತ್ತೆ ಕೂಡಿಸಿ ಓಡಿಸುವುದೇ ಕತೆ. ‘ಕ್ಲಾಸ್’ ಅಂತಲೇ ಬಿಡಿ ಎನ್ನುತ್ತೀರೇನೋ. ನನಗೇನೂ ತಕರಾರಿಲ್ಲ, ಗೇರು, ಕ್ಲಚ್ಚುಗಳಿಗೆ ಯಾರು ಕನ್ನಡ ಹುಡುಕುತ್ತಾರೆ? ಆದರೆ ಕ್ಲಾಸಿನ ಗೋಡೆಯ ಮೇಲೆ ಕ್ಲಾಸ್ ಎಂದು ಬರೆದರೆ ಮಕ್ಕಳಿಗೆ ಅದು ಒಂಬತ್ತನೇ ಕ್ಲಾಸೇ.

ನನ್ನ ಅಸಲಿ ಗುಮಾನಿ ಬೇರೆ. ವರ್ಗ, ದರ್ಜೆ ಎರಡರಲ್ಲೂ ಮೇಲು ಕೆಳಗು ಇದೆ. ರೇಸಿನ ಕ್ಲಾಸಿನಲ್ಲಿ ಮುಖ್ಯವಾದದ್ದು ಅಳತೆ. ‘ಫಾರ್ಮುಲಾ’ ಪದವನ್ನೇ ನೋಡಿ. ಗಣಿತದ ಸೂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಇಷ್ಟು ಸಿಸಿ ಮೀರಬಾರದು, ತೂಕ ಇಷ್ಟಕ್ಕಿಂತ ಕಡಿಮೆ ಇರಬಾರದು ಎಂಬ ಕಟ್ಟಳೆಗೆ ಆ ಹೆಸರು. ಮಾರುತಿ 800ರ ಎಂಜಿನ್ ಕೂರಿಸಿದ್ದು ಫಾರ್ಮುಲಾ ಮಾರುತಿ. 1300 ಸಿಸಿಯದು ಫಾರ್ಮುಲಾ ಎಲ್‌ಜಿಬಿ 1300. ಕಟ್ಟಳೆಯನ್ನು ಸಡಿಲ ಬಿಟ್ಟು, ಬಂದ ಕಾರನ್ನೆಲ್ಲ ಓಡಿಸಿದರೆ ಫಾರ್ಮುಲಾ ಲಿಬ್ರೆ. ಅಂದಹಾಗೆ ‘ಷರತ್ತು’ ಎಂದರೆ ನಮಗೆ ನಿಬಂಧನೆ, ಬೆಳಗಾವಿ ಕಡೆ ‘ಶರ್ಯತ್ತು’ ಎಂದರೆ ಬಂಡಿಯ ಓಟ. ಎರಡಕ್ಕೂ ಬೇರು ಒಂದೇ. ರೇಸು, ರೂಲು ಎರಡೂ ಒಂದೇ ಪದದ ಹೊಟ್ಟೆಯಲ್ಲಿ ಇದ್ದವು ನೋಡಿ.

ಮೇಲು ಕೆಳಗು ಅಲ್ಲ ಅನ್ನುವುದಕ್ಕೆ ಅಳಿಯ ಒಂದು ಕತೆ ಹೇಳಿದ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಹಳೆಯ ಟ್ರ್ಯಾಕು ಒಂದು ಸುತ್ತಿಗೆ ಸುಮಾರು 22.8 ಕಿ.ಮೀ. ಅಷ್ಟುದ್ದದ ದಾರಿಗೆ ಫಾರ್ಮುಲಾ ಒನ್ ಕಾರುಗಳು ಸಾಲದೆ, ಕೆಲವು ವರ್ಷ ಜರ್ಮನ್ ಗ್ರ್ಯಾನ್ ಪ್ರಿಯಲ್ಲಿ ಫಾರ್ಮುಲಾ ಟೂ ಕಾರುಗಳನ್ನೂ ಸೇರಿಸುತ್ತಿದ್ದರು. 1967ರಲ್ಲಿ ಜಾಕಿ ಇಕ್ಸ್ ಎಂಬ ಬೆಲ್ಜಿಯಂ ಹುಡುಗ 1600 ಸಿಸಿಯ ಟೂ ಕಾರಿನಲ್ಲಿ ಬಂದ. ಒನ್ ಕಾರುಗಳಿಗೆ 3000 ಸಿಸಿ. ಅಭ್ಯಾಸದ ಓಟದಲ್ಲಿ ಇಡೀ ಗುಂಪಿಗೇ ಮೂರನೇ ವೇಗ ಇವನದು! ಆದರೂ ಟೂ ಕಾರು ಎಂಬ ಕಾರಣಕ್ಕೆ ರೇಸಿನ ದಿನ ಒನ್ ಕಾರುಗಳೆಲ್ಲದರ ಹಿಂದೆ ನಿಲ್ಲಿಸಿದರು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಮುಂದಿನ ನಾಲ್ಕೈದು ಜನರ ಸಾಲಿಗೆ ಬಂದ. ಕೊನೆಗೆ ಸಸ್ಪೆನ್ಷನ್ ಮುರಿದು ನಿಲ್ಲಬೇಕಾಯಿತು. ಇವನನ್ನು ‘ಎರಡನೇ ದರ್ಜೆ’ ಎಂದು ಹೇಗೆ ಬರೆಯಲಿ?

ಅಳತೆಯ ಪದ ಬೇಕು ಎಂದಾಗ ನೆನಪಾದದ್ದು ಎತ್ತು. ಕಾರಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಕಲ್ಲು ಎಳೆಯುವ ಸ್ಪರ್ಧೆ ನಡೆಯುತ್ತದೆ, ನೋಡಿರುತ್ತೀರಿ. ಒಂದು ದಿನ ಒಂದೂವರೆ ಟನ್, ಇನ್ನೊಂದು ದಿನ ಎರಡು ಟನ್, ಮತ್ತೊಂದು ದಿನ ಎರಡೂವರೆ. ಅಲ್ಲಿ ಯಾರೂ ವರ್ಗ, ವಿಭಾಗ ಅನ್ನುವುದಿಲ್ಲ. “ನಿಮ್ಮದು ಎಷ್ಟು ಟನ್ನಿಂದು?” ಅಷ್ಟೇ. ಗಡಿ ದಾಟಿ ಕರ್ನೂಲಿನ ಕಡೆ ಹೋದರೆ ಇನ್ನೂ ಚೆಂದ. ಅಲ್ಲಿ ಹಲ್ಲಿನ ಲೆಕ್ಕ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದವು ಸೀನಿಯರ್. ಚಿಕ್ಕವನಿದ್ದಾಗ ಅಪ್ಪನ ಜೊತೆ ಒಮ್ಮೆ ಹೋಗಿದ್ದೆ. ಒಬ್ಬ ಮುದುಕ ಎತ್ತಿನ ಮೂಗುದಾರ ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕೆಳದುಟಿ ಮಡಚಿದ. ಜೊಲ್ಲಿನೊಳಗೆ ಅಗಲವಾದ ಎರಡು ಹೊಸ ಹಲ್ಲು, ಪಕ್ಕದಲ್ಲಿ ಸಣ್ಣ ಹಾಲುಹಲ್ಲು. ಮುದುಕ ಬೆರಳು ತನ್ನ ಧೋತ್ರಕ್ಕೆ ಒರೆಸಿಕೊಂಡು ‘ಎರಡು’ ಎಂದ. ಚೀಟಿ ಬರೆಯುವವನು ಎರಡು ಎಂದು ಬರೆದ. ಮುಗಿಯಿತು. ಮೇಲಿಲ್ಲ, ಕೆಳಗಿಲ್ಲ, ವಾದವಿಲ್ಲ.

ಹಾಗಾದರೆ ‘ಬೇರೆ ಬೇರೆ ಅಳತೆಯ ಕಾರುಗಳು’ ಎನ್ನಲೇ? ಪಕ್ಕದ ಟೇಬಲ್ಲಿನ ಗಣಿತದ ಮೇಡಂ ತಕ್ಷಣ, “ಸರ್, ಅದು ಚಪ್ಪಲಿ ಅಂಗಡಿ ಬೋರ್ಡ್ ಆಯ್ತಲ್ರಿ” ಎಂದರು. ಅದೂ ನಿಜ. ಉದ್ದಗಲ ಎಂದೇ ಅರ್ಥವಾಗುತ್ತದೆ. ‘ಕಟ್ಟಳೆ’ ನನಗೆ ಇಷ್ಟ. ‘ಒಂದೇ ಟ್ರ್ಯಾಕು, ಎರಡು ಕಟ್ಟಳೆ’ ಅಂದರೆ ಕಿವಿಗೂ ಹಿತ. ಆದರೆ ಮಕ್ಕಳಿಗೆ ಕಟ್ಟಳೆ ಅಂದರೆ ಅಜ್ಜಿಯ ಕಟ್ಟುಕಟ್ಟಳೆ, ಮಡಿ ಮೈಲಿಗೆ.

ಹಾಗೆ ನೋಡಿದರೆ ಎತ್ತಿನ ಉಪಮೆಯೂ ಪೂರ್ತಿ ಕೂಡಿ ಬರುವುದಿಲ್ಲ. ಅಲ್ಲಿ ಒಂದೊಂದೇ ಜೋಡಿ ಬಂದು ಎಳೆದು ಹೋಗುತ್ತದೆ. ಒಟ್ಟಿಗೆ ಬಿಡುವುದಿಲ್ಲ. ಒಟ್ಟಿಗೆ ಬಿಟ್ಟು ಬೇರೆ ಬೇರೆ ಲೆಕ್ಕ ಇಡುವುದಕ್ಕೆ ಹೋಲಿಕೆ ಕೊಟ್ಟವರು ನಮ್ಮ ಮನೆಯವರು. ಅವರು ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ಟೀಚರ್. “ಇದು ನಮ್ಮ ನಲಿಕಲಿನೇ ಅಲ್ವಾ? ಒಂದೇ ಕೋಣೆಯಾಗ ಒಂದು, ಎರಡು, ಮೂರನೇತ್ತೆ ಹುಡುಗರು. ಎಲ್ಲರೂ ಒಟ್ಟಿಗೇ ಕೂಡ್ತಾರ, ಏಣಿ ಮೆಟ್ಟಿಲು ಮಾತ್ರ ಅವರವರದು.” ಭೇಷ್ ಎಂದು, ಇಲಾಖೆಯವರು ಅದಕ್ಕೆ ಏನನ್ನುತ್ತಾರೆ ಎಂದು ಕೇಳಿದೆ. ‘ಬಹುವರ್ಗ ಬೋಧನೆ’ ಅಂತೆ. ಮತ್ತೆ ಅದೇ ವರ್ಗ ಬಂದು ಬಾಗಿಲಲ್ಲಿ ನಿಂತಿತು.

ಸದ್ಯಕ್ಕೆ ಒಟ್ಟಿಗೆ ಓಡುವುದಕ್ಕೆ ‘ಕೂಡೋಟ’ ಎಂದು ಬರೆದುಕೊಂಡಿದ್ದೇನೆ. ಕೂಡುಕುಟುಂಬದ ‘ಕೂಡು’. ನಡೆಯುತ್ತದೆ ಅನ್ನಿಸುತ್ತೆ.

ಗಾಲಿ ಹೊರಗೆ ಕಾಣುವ ಈ ಕಾರುಗಳಿಗೆ ಇಂಗ್ಲಿಷಿನಲ್ಲಿ ‘ಓಪನ್ ವೀಲ್’ ಎನ್ನುತ್ತಾರೆ, ಅದರ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. ತೆರೆದ ಗಾಲಿ ಅಂದರೆ ಬಾಗಿಲು ನೆನಪಾಗುತ್ತದೆ. ಬಿಚ್ಚುಗಾಲಿ ಅಂದರೆ ಪಂಕ್ಚರ್ ಅಂಗಡಿ. ಬಯಲುಗಾಲಿ ಬೇಡವೇ ಬೇಡ. ‘ಹೊರಗಾಲಿ ಕಾರು’ ಎಂದಿಟ್ಟೆ. ಹೊರಗಿರುವುದೇ ಅಪಾಯ ಎಂಬುದೂ ಅದರಲ್ಲಿ ಬರುತ್ತದೆ. ಕಡ್ಡಿ ಹಿಡಿದು ಟೈರ್ ಓಡಿಸಿದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉರುಳುವ ಟೈರಿನ ಬೆನ್ನು ಮೇಲಕ್ಕೆ ಏಳುತ್ತಿರುತ್ತದೆ. ಹಿಂದೆ ಬರುವ ಕಾರಿನ ಟೈರ್ ಅದಕ್ಕೆ ತಾಗಿದರೆ ಸಾಕು, ಅದರ ಮೇಲೆ ಹತ್ತಿ ಹಾರುತ್ತದೆ. ವೇಗದ ಕಾರು ನಿಧಾನದ ಕಾರನ್ನು ಮತ್ತೆ ಮತ್ತೆ ದಾಟುವ ಕೂಡೋಟದಲ್ಲಿ ಇದಕ್ಕೇ ಅಂಜುತ್ತಾರೆ. ನೀಲಿ ಬಾವುಟ ಬೀಸುವುದೂ ಅದಕ್ಕೇ: ಹಿಂದೆ ವೇಗದವ ಬಂದಿದ್ದಾನೆ, ನೋಡಿಕೋ ಎಂದು.

ಇನ್ನು ನನ್ನನ್ನು ನಿಜಕ್ಕೂ ಕಾಡಿದ್ದು ‘ಐದನೆಯವನು’. 1969ರ ಜರ್ಮನ್ ಗ್ರ್ಯಾನ್ ಪ್ರಿ, ಅದೇ ಟ್ರ್ಯಾಕು, 14 ಸುತ್ತು. ಈ ಸಲ ಅದೇ ಇಕ್ಸ್ ಒನ್ ಕಾರಿನಲ್ಲಿ ಬಂದು ಗೆದ್ದ. ಮೊದಲ ನಾಲ್ವರೂ ಒನ್ ಕಾರಿನವರು. ಐದನೆಯವನು ಆನ್ರಿ ಪೆಸ್ಕರೋಲೋ, ಟೂ ಕಾರು. ಆರರಿಂದ ಹತ್ತರವರೆಗೂ ಟೂ ಕಾರುಗಳೇ. ಹನ್ನೊಂದನೆಯವನು ಜೋ ಸಿಫರ್ಟ್, ಒನ್ ಕಾರು, 12 ಸುತ್ತಿಗೇ ಆಟ ಮುಗಿದಿತ್ತು. ಟೂ ಕಾರಿಗೆ ಚಾಂಪಿಯನ್‌ಷಿಪ್ಪಿನ ಅಂಕ ಇಲ್ಲ. ಹಾಗಾಗಿ ಐದನೇ ಸ್ಥಾನದ 2 ಅಂಕ ಈ ಸಿಫರ್ಟನಿಗೆ!

ಈಗ ಹೇಳಿ, ಐದನೆಯವನು ಯಾರು? ‘ಐದನೇ ಸ್ಥಾನ ಪಡೆದ ಸಿಫರ್ಟ್’ ಎಂದರೂ ಸುಳ್ಳಲ್ಲ, ‘ಐದನೆಯವನಾಗಿ ಬಂದ ಪೆಸ್ಕರೋಲೋ’ ಎಂದರೂ ಸುಳ್ಳಲ್ಲ. ಮಕ್ಕಳಿಗೆ ಮಾತ್ರ ಎರಡೂ ಸುಳ್ಳಿನ ಹಾಗೆ ಕಾಣುತ್ತದೆ. ಫೋನಿನಲ್ಲಿ ಅಳಿಯನಿಗೆ ಹೇಳಿದರೆ ಅವನು ಯೋಚನೆ ಕೂಡ ಮಾಡಲಿಲ್ಲ. “ಅದರಾಗೇನೈತಿ ಮಾಮಾ, ಪೆಸ್ಕರೋಲೋ ರೋಡಿನ ಮ್ಯಾಲೆ ಐದು, ಸಿಫರ್ಟ್ ಲೆಕ್ಕದಾಗ ಐದು. ಎರಡು ಸುತ್ತು ಬಾಕಿ ಇಟ್ಕೊಂಡು ಐದು.”

‘ಬಾಕಿ’! ರೇಸಿನವರು ‘ಲ್ಯಾಪ್ ಡೌನ್’ ಎನ್ನುವುದಕ್ಕೆ ನಾನು ‘ಒಂದು ಸುತ್ತು ಹಿಂದುಳಿದ’ ಎಂದು ಬರೆದಿದ್ದೆ. ‘ಹಿಂದುಳಿದ’ ಅಂದ ಕೂಡಲೇ ಆ ಹಿಂದಿನ ಬೆಂಚಿನ ಹುಡುಗ ಮತ್ತೆ ಎದ್ದು ನಿಲ್ಲುತ್ತಿದ್ದ, ಖಾತ್ರಿ. ಕಿರಾಣಿ ಅಂಗಡಿಯ ಬಾಕಿ ಬಂದು ನನ್ನನ್ನು ಉಳಿಸಿತು. ಈಗ ಚಾರ್ಟಿನಲ್ಲಿ ‘ರೋಡ್ ಮೇಲೆ’, ‘ಲೆಕ್ಕದಲ್ಲಿ’, ‘ಬಾಕಿ’ ಎಂದು ಮೂರು ಕಾಲಂ ಹಾಕಿದ್ದೇನೆ. ‘ರೋಡ್ ಮೇಲೆ’ ಬದಲು ‘ದಾರಿಯಲ್ಲಿ’ ಎಂದರೆ ಸಪ್ಪೆಯಾಗುತ್ತದೆ, ಆದ್ದರಿಂದ ಮುಟ್ಟಿಲ್ಲ.

ಉಳಿದದ್ದು ಕ್ಲಾಸಿನ ಪದ ಒಂದೇ. ಬಳ್ಳಾರಿ, ಕೊಪ್ಪಳ ಕಡೆಯವರು ಎತ್ತಿಗೋ, ಟಗರಿಗೋ, ಗುಂಡು ಎತ್ತುವುದಕ್ಕೋ ಹೀಗೆ ಅಳತೆ ನೋಡಿ ಬೇರೆ ಮಾಡುವಾಗ ಏನನ್ನುತ್ತೀರಿ? ಹಲ್ಲು, ಟನ್ನು ಬಿಟ್ಟು ಎಲ್ಲಕ್ಕೂ ಹೊಂದುವ ಒಂದು ಪದ ನಿಮ್ಮೂರಲ್ಲಿ ಇದ್ದರೆ ಅದು ಬೇಕು. ಅಳಿಯ ಮುಂದಿನ ತಿಂಗಳು ಬರುತ್ತಾನೆ. ಅಷ್ಟರೊಳಗೆ ಸಿಗದಿದ್ದರೆ ‘1300 ಹಲ್ಲಿನ ಕಾರು, 1600 ಹಲ್ಲಿನ ಕಾರು’ ಎಂದು ಬರೆದು ಬಿಡುತ್ತೇನೆ.