ಹಳೇ ಓಮ್ನಿ: ಸ್ಟೇರಿಂಗ್ ಲಾಕ್ ಮ್ಯಾಲಿನ ತಗಡಿನ ಕವಚ ಬಿಚ್ಚೋದು ಹೆಂಗ?

ಗಂಗಾವತಿ_ವ್ಯಾನ್
ನಮಸ್ಕಾರ ರೀ. ನಮ್ಮದು 2004ರ ಮಾರುತಿ ಓಮ್ನಿ ವ್ಯಾನ್, ಸೆಕೆಂಡ್ ಹ್ಯಾಂಡ್, ಆರ್‌ಸಿ ನನ್ನ ಹೆಸರಿಗೇ ಐತಿ. ಚಾವಿ ಒಮ್ಮೊಮ್ಮಿ ತಿರುಗ್ತೈತಿ, ಒಮ್ಮೊಮ್ಮಿ ಜಪ್ಪಯ್ಯ ಅಂದ್ರೂ ತಿರುಗಂಗಿಲ್ಲ, ಅದಕ್ಕ ಹೊಸಾ ಲಾಕ್ ಸೆಟ್ ಹಾಕೋಣು ಅಂತ ಪ್ಲಾಸ್ಟಿಕ್ ಕವರ್ ಬಿಚ್ಚಿದ್ರ ಒಳಗ ಲಾಕ್ ಸುತ್ತ ದಪ್ಪ ತಗಡು ಐತಿ, ಹಿಂದಿನ ಓನರ್ ಕಳ್ಳರ ಕಾಟಕ್ಕ ಹಾಕ್ಸಿರಬೇಕು. ಅದರ ಎರಡೂ ಬೋಲ್ಟಿಗೆ ತಲೀನ ಇಲ್ಲ, ಬೋಳು, ಪಾನಾನೂ ಹಿಡ್ಯಂಗಿಲ್ಲ. ಮೇಸ್ತ್ರಿ ಗ್ರೈಂಡರ್ ಹಚ್ಚಿ ಕೊಯ್ದ್‌ಬಿಡೋಣು ಅಂತಾನ. ಏನ್ ಮಾಡ್ಲಿ?

ರಾಯಚೂರು_ಡ್ರೈವರ್
ಬಿಚ್ಚೋಕಿಂತ ಮೊದ್ಲ ಒಂದು ನೋಡ್ರಿ. ಗಾಲಿ ಸೊಟ್ಟ ಇಟ್ಟು ನಿಲ್ಸಿದ್ರ ಸ್ಟೇರಿಂಗ್ ಹಿಡಿದಿಡೋ ಲಾಕಿನ ಪಿನ್ ಮ್ಯಾಲೆ ಭಾರ ಬಿದ್ದಿರ್ತದ, ಸ್ಟೇರಿಂಗ್ ಆಕಡಿ ಈಕಡಿ ಅಲ್ಲಾಡಿಸ್ಕೋತ ಚಾವಿ ತಿರುವ್ರಿ. ಚಾವಿ ಸವದಿದ್ರೂ ಹಿಂಗ ಆಗ್ತದ, ಎರಡನೇ ಚಾವಿ ಇದ್ರ ಹಾಕಿ ನೋಡ್ರಿ. ಎಣ್ಣಿ ಮಾತ್ರ ಬಿಡಬ್ಯಾಡ್ರಿ, ನಮ್ಮ ಕಡಿ ಧೂಳಿಗೆ ಒಳಗ ಕೆಸರಾಗ್ತದ, ಗ್ರಾಫೈಟ್ ಪೌಡರ್ ಊದ್ರಿ.

ಗಂಗಾವತಿ_ವ್ಯಾನ್
ಅವೆಲ್ಲಾ ಆತ್ರೀ ಅಣ್ಣಾ, ಎರಡನೇ ಚಾವಿದೂ ಅದ ಹಣೆಬರಹ.

ಬಳ್ಳಾರಿ_ಗ್ಯಾರೇಜ್
ಗ್ರೈಂಡರ್ ಬ್ಯಾಡವೇ ಬ್ಯಾಡ್ರಿ! ಓಮ್ನಿ ಇಂಜಿನ್ ಮುಂದಿನ ಸೀಟಿನ ಕೆಳಗೇ ಐತೆ, ಪೆಟ್ರೋಲ್ ಪೈಪ್ ಹಳೇದಾಗಿ ಜಿನುಗ್ತಿದ್ರೆ ಒಂದು ಕಿಡಿ ಸಾಕು, ಗ್ಯಾಸ್ ಕಿಟ್ ಇದ್ರಂತೂ ಕೇಳ್ಲೇಬ್ಯಾಡ್ರಿ, ಸ್ವಿಚ್ ವೈರೆಲ್ಲಾ ಅಲ್ಲೇ ಪಕ್ಕದಾಗೆ ಹೋಗಿರ್ತವೆ. ಅವು ಶಿಯರ್ ಬೋಲ್ಟು, ಟೈಟ್ ಮಾಡ್ತಾ ಹೋದ್ರೆ ತಲೆ ತಾನೇ ಮುರಿದು ಬೀಳ್ಲಿ ಅಂತಾನೇ ಮಾಡಿರೋದು, ಕಳ್ಳ ಬಿಚ್ಚಬಾರದು ಅಂತ.

ಮೊದ್ಲು ಬ್ಯಾಟರಿ ನೆಗೆಟಿವ್ ತೆಗೀರಿ. ಬೋಲ್ಟಿನ ಅಂಚಿಗೆ, ನಡುವಿಗಲ್ಲ, ಅಂಚಿಗೆ, ಸೆಂಟರ್ ಪಂಚ್ (ಚೂಪು ತುದಿಯ ಉಕ್ಕಿನ ಮೊಳೆಯಂಥಾ ಸಾಮಾನು) ಇಟ್ಟು ಒಂದು ಗುಳಿ ಮಾಡ್ಕಳ್ರಿ. ಆಮೇಲೆ ಪಂಚನ್ನ ಓರೆ ಮಾಡಿ ಬಿಚ್ಚೋ ದಿಕ್ಕಿಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡೀರಿ, ಕೂದಲೆಳೆ ಅಲ್ಲಾಡಿದ್ರೂ ಸಾಕು, ಮುಂದೆ ಬೆರಳಲ್ಲೇ ಬರ್ತೈತೆ. ಬರ್ಲಿಲ್ಲ ಅಂದ್ರೆ ಹ್ಯಾಕ್ಸಾ ಬ್ಲೇಡಿಂದ ಗೀರು ಕೊಯ್ದು ದಪ್ಪ ಸ್ಕ್ರೂಡ್ರೈವರ್ ಹಾಕ್ರಿ. ಕೊನೇಗೆ ಡ್ರಿಲ್. ಜೋರಾಗಿ ಬಡೀಬ್ಯಾಡ್ರಿ, ಲಾಕಿಂದು ಎರಕದ ಬಾಡಿ, ಸೀಳಿದ್ರೆ ಮುಗೀತು.

ಗಂಗಾವತಿ_ವ್ಯಾನ್
ಒಂದು ಪಂಚಿಗೇ ಬಂತು, ಇನ್ನೊಂದು ಗೀರು ಕೊಯ್ದ ಮ್ಯಾಲೆ ಬಂತು. ಆದ್ರ ತಗಡು ತಗದ್ರ ಒಳಗ ಲಾಕಿನ ಬೋಲ್ಟೂ ಅದ ಜಾತೀವು ರೀ 😩

ಬಳ್ಳಾರಿ_ಗ್ಯಾರೇಜ್
ಹ್ಹಹ್ಹ, ಅವು ಕಂಪನಿಯಿಂದಾನೇ ಹಂಗೆ ಬರ್ತವೆ, ಅದೇ ಪಾಠ ಮತ್ತೊಮ್ಮೆ. ಹೊಸಾ ಲಾಕ್ ಕೂಡ್ಸುವಾಗ ಪಿನ್ನು ಸ್ಟೇರಿಂಗ್ ರಾಡಿನ ತೂತಿಗೆ ಸರಿಯಾಗಿ ಕೂತೈತಾ ನೋಡ್ರಿ, ಚಾವಿ ಆನ್ ಮಾಡಿ ಸ್ಟೇರಿಂಗ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸ್ರಿ, ಎಲ್ಲೂ ಹಿಡೀಬಾರ್ದು. ಇದೆಲ್ಲಾ ಆದ ಮೇಲಷ್ಟೇ ಹೊಸಾ ಬೋಲ್ಟಿನ ತಲೆ ಮುರೀರಿ. ಓಡೋವಾಗ ಲಾಕ್ ಬಿದ್ರೆ ಗಾಡಿ ಯಾವ ಕಾಲುವೆಗೆ ಹೋಗ್ತದೋ ಹೇಳಾಕೆ ಬರಲ್ಲ.

ರಾಯಚೂರು_ಡ್ರೈವರ್
ತಗಡು ಮತ್ತ ಹಾಕಬ್ಯಾಡ್ರಿ, ಮುಂದಿನ ಸಲ ನಿಮಗ ತ್ರಾಸು. ಕಳ್ಳರ ಭಯ ಇದ್ರ ಒಂದು ಗೇರ್ ಲಾಕ್ ಹಾಕಸ್ರಿ, ಹೊರಗಿಂದ ಕಾಣ್ತದ.