ಸಹಾಯ ಬೇಕು: ಮಾತು, ಕೈಸನ್ನೆ ಎರಡೂ ತಾಳೆಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬೆರಳು ತೋರಿಸಿ "ಇದನ್ನು ಅಲ್ಲಿಡು" ಅಂದರೆ ಪರದೆ ಮೇಲಿನ ಆಕೃತಿ ಸರಿಯುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕೀಬೋರ್ಡ್ ಬಳಸಲು ಕಷ್ಟಪಡುವವರಿಗಾಗಿ. 1980ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ರಿಚರ್ಡ್ ಬೋಲ್ಟ್ ಇಂಥದ್ದನ್ನು ಮಾಡಿ ತೋರಿಸಿದ್ದರು, ಅಲ್ವಾ?

ತೊಡಕಿರುವುದು ಸಮಯದಲ್ಲಿ. ಬೆರಳು ಮೊದಲು ಹೋಗುತ್ತದೆ, "ಇದನ್ನು" ಅನ್ನುವ ಪದ ಆಮೇಲೆ ಬರುತ್ತದೆ. ಆ ಪದ ಪ್ರೋಗ್ರಾಂಗೆ ಸಿಗುವಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತದೆ. ಕೆಂಪು ಚೌಕ ತೋರಿಸಿದರೆ ಪಕ್ಕದ ನೀಲಿ ವೃತ್ತ ಸರಿಯುತ್ತದೆ!

ಈಗ ಬೆರಳಿನ ಕಳೆದ 2 ಸೆಕೆಂಡಿನ ಜಾಡನ್ನು ಟೈಮ್‌ಸ್ಟ್ಯಾಂಪ್ (ಬೆರಳು ಯಾವ ಕ್ಷಣದಲ್ಲಿ ಎಲ್ಲಿತ್ತು ಎಂಬ ಸಮಯದ ಗುರುತು) ಸಮೇತ ಇಟ್ಟುಕೊಂಡು, ಪದ ಶುರುವಾದ ಕ್ಷಣಕ್ಕೆ ಹೋಲಿಸುತ್ತಿದ್ದೇನೆ. ನಿಧಾನವಾಗಿ ಮಾತಾಡಿದರೆ ಸರಿ, ಬೇಗ ಮಾತಾಡಿದರೆ ಎಡವಟ್ಟು.

ಪದಕ್ಕಿಂತ ಎಷ್ಟು ಹಿಂದಿನವರೆಗೆ ನೋಡಬೇಕು? ಬೆರಳು ಸ್ವಲ್ಪ ಹೊತ್ತು ನಿಂತ ಜಾಗಕ್ಕೆ ಜಾಸ್ತಿ ಅಂಕ ಕೊಡಲೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.